ಡಬ್ಬದ ತಳದ ಹಿಡಿ ಬೀಜ

ಪ್ರಪಂಚದಲ್ಲಿ ಬೆರಕೆಯಿಲ್ಲದ ವಸ್ತು ಎಂಬುದೇ ಇಲ್ಲ. ನೀರಿನಲ್ಲಿ ಮಣ್ಣಿದೆ, ಗಾಳಿಯಲ್ಲಿ ಧೂಳಿದೆ, ಭಕ್ತಿಯಲ್ಲಿ ಬೇಡಿಕೆಯಿದೆ. ಈ ಮಹಾಸತ್ಯ ನನಗೆ ತಪಸ್ಸಿನಿಂದ ದೊರೆತದ್ದಲ್ಲ. ರಾಯದುರ್ಗದ ಒಂದು ಕಾಫಿಪುಡಿ ಅಂಗಡಿಯಲ್ಲಿ ದಿನವೂ ಚಿಕೋರಿ ಅಳೆದು ಬೆರೆಸುತ್ತಿದ್ದುದರಿಂದ ದೊರೆಯಿತು.

ನಾನು ಬೀಜ ಹುರಿಯುವವನು. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಅದನ್ನು ಕಲೆ ಎನ್ನುತ್ತಾರೆ, ಮುಂದೆ ಏಪ್ರನ್ ಕಟ್ಟಿಕೊಳ್ಳುತ್ತಾರೆ, ಗಡ್ಡ ಬಿಡುತ್ತಾರೆ. ಬಿಡಲಿ. ಆದರೆ ಹೊಗೆ, ಸೆಕೆ ಮತ್ತು ಸಾವ್ಕಾರರ ಬಗ್ಗೆ ಯಾರೂ ಅವರಿಗೆ ಹೇಳಿರುವುದಿಲ್ಲ. ಬೇಸಿಗೆಯಲ್ಲಿ ರಾಯದುರ್ಗದ ಬೆಟ್ಟದ ಬಂಡೆಗಳೇ ಸಾಕಷ್ಟು ಹುರಿದಿರುತ್ತವೆ. ಆ ಊರಿನಲ್ಲಿ ಇನ್ನೊಂದು ಒಲೆಯ ಮುಂದೆ ನಿಲ್ಲುವುದಕ್ಕೆ ಕಲೆಗಿಂತ ಗಟ್ಟಿಯಾದ ಚಪ್ಪಲಿ ಮುಖ್ಯ. ಇದನ್ನು ನನ್ನ ಮೊದಲ ಪಾಠವೆಂದು ಬರೆದುಕೊಳ್ಳಬಹುದು.

ನನಗೆ ಕೆಲಸ ಕಲಿಸಿದವರು ಅಂಗಡಿಯ ಹಳೆಯ ಸಾವ್ಕಾರರು. ಅವರದು ಮಾತು ಕಡಿಮೆ, ಬೈಗುಳ ಹೆಚ್ಚು. ಬೀಜ ಹುರಿಯುವ ತಗಡಿನ ಉರುಳೆ ತಿರುಗುವಾಗ ನನ್ನ ಕಿವಿ ಹಿಡಿದು ಅದರ ಹತ್ತಿರಕ್ಕೆ ತಂದು ಹೇಳಿದ್ದರು: "ಬೀಜ ಎರಡು ಸಲ ಮಾತಾಡತೈತಿ. ಮೊದಲ್ನೇ ಸಲ ಚಟಪಟ ಅಂದಾಗ ಕೇಳಿಸ್ಕೋ. ಎರಡನೇ ಸಲ ಬಾಯಿ ತೆಗೆಯೋದ್ರಾಗ ಇಳಿಸಿಬಿಡು. ಜಾಸ್ತಿ ಮಾತಾಡಿದ ಬೀಜ, ಜಾಸ್ತಿ ಮಾತಾಡಿದ ಅಳಿಯ, ಎರಡೂ ಕಹಿ." ಅವರ ಅಳಿಯ ಆಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕುಳಿತಿದ್ದ.

ಅವರು ಹೋದ ಮೇಲೆ ಮಗ ಶೇಖರಪ್ಪ ಸಾವ್ಕಾರರು ಬಂದರು. ಇವರು ಸೌದೆ ತೆಗೆಸಿ ಗ್ಯಾಸ್ ಹಾಕಿಸಿದರು. ಆಮೇಲೆ ಉರುಳೆಗೆ ಶಾಖ ತೋರಿಸುವ ಮೀಟರು ಕೂರಿಸಿದರು. ನನ್ನ ಕಿವಿಗೂ ಮೀಟರಿಗೂ ಜಗಳ ಹತ್ತಿತು. ಹೆಚ್ಚು ಸಲ ಮೀಟರೇ ಸರಿ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ನಮ್ಮ ಕಡೆಯ ಮಳೆಗಾಲ ಎಷ್ಟು ಗಿಡ್ಡ ಎಂದು ಬಲ್ಲವರು ನನ್ನನ್ನು ಹಟಮಾರಿ ಎನ್ನಲಾರರು.

ಪ್ರಮಾದಗಳಿಗೇನೂ ಬರವಿರಲಿಲ್ಲ. ಪಂಚಮಿ ಹತ್ತಿರ ಬಂದಾಗ ಉಂಡಿ ಕಟ್ಟಲು ಬೀದಿಯವರೆಲ್ಲ ಶೇಂಗಾ ತಂದು ನಮ್ಮ ಉರುಳೆಯಲ್ಲೇ ಹುರಿಸಿಕೊಂಡು ಹೋಗುವ ರೂಢಿಯಿತ್ತು. ಎಷ್ಟು ಒರೆಸಿದರೂ ಶೇಂಗಾದ ಎಣ್ಣೆ ತಗಡಿಗೆ ಹಿಡಿದುಬಿಡುತ್ತದೆ. ಒಂದು ವರ್ಷ ಹಬ್ಬವಾದ ಮೇಲೆ ವಾರಗಟ್ಟಲೆ ಊರೆಲ್ಲ ಶೇಂಗಾ ವಾಸನೆಯ ಕಾಫಿ ಕುಡಿಯಿತು. ಜೀನ್ಸ್ ಹೊಲಿಯುವ ಶೆಡ್ಡಿನ ಮೇಸ್ತ್ರಿಯೊಬ್ಬ ಅಂಗಡಿಗೆ ಬಂದ. ಬೈಯಲು ಬಂದನೆಂದು ನಾನು ಉರುಳೆಯ ಹಿಂದೆ ಸರಿದೆ. "ಅಣ್ಣಾ, ಹೋದ ವಾರದ್ದೇ ಪುಡಿ ಕೊಡ್ರಿ, ಭಾಳ ಗಮಾ ಇತ್ತು" ಎಂದ. ಗಿರಾಕಿಯೇ ದೇವರು ಎಂಬ ಮಾತನ್ನು ನಾನು ಅಂದಿನಿಂದ ಪೂರ್ತಿ ನಂಬುವುದನ್ನು ಬಿಟ್ಟೆ.

ಇಂಥ ಅಂಗಡಿಗೆ ಹನುಮಕ್ಕ ಬಂದಳು.

ಅವಳ ತವರು ಮಡಕಶಿರಾ ಕಡೆ, ಹೇಮಾವತಿ ಎಂಬ ಊರಿನ ಹತ್ತಿರದ ಹಳ್ಳಿ. ಗಂಡನ ಜೊತೆ ಕಾಫಿ ಕೊಯ್ಲಿನ ಕೂಲಿಗೆಂದು ಚಿಕ್ಕಮಗಳೂರಿನ ಬೆಟ್ಟಕ್ಕೆ ಹೋದವಳು ಅಲ್ಲೇ ನೆಲೆಯೂರಿ, ಗಂಡ, ಮೈದುನ, ಮಗಳು ಎಲ್ಲ ಸೇರಿ ದುಡಿದು ತುಂಡುತುಂಡಾಗಿ ನೆಲ ಕೂಡಿಸಿ ಸಣ್ಣ ತೋಟ ಮಾಡಿಕೊಂಡಿದ್ದಳು. ಕೂಲಿಗಿದ್ದಾಗ ಹಸಿರು, ಕೆಂಪು ಎನ್ನದೆ ಕೊಂಬೆಯನ್ನೇ ಸವರಿ ಕೊಯ್ಯುತ್ತಿದ್ದ ಕೈ, ಸ್ವಂತ ತೋಟದಲ್ಲಿ ಕೆಂಪಗೆ ಮಾಗಿದ ಹಣ್ಣನ್ನಲ್ಲದೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಎಲ್ಲ ಅರೇಬಿಕಾ ಗಿಡ, ರೋಬಸ್ಟಾ ಒಂದೂ ಇಲ್ಲ. ಬೆಟ್ಟದ ಮಳೆಗಾಲದ ತೇವಕ್ಕೆ ಬೀಜ ಉಬ್ಬಿ ಬಿಳುಪೇರಿ ರುಚಿ ಕಳೆದುಕೊಳ್ಳುತ್ತದೆಂದು ಮೂಟೆಗಳನ್ನು ತವರಿನ ಒಣ ಹವೆಯಲ್ಲಿ ತಂದಿಡುತ್ತಿದ್ದಳು. ಯಾವುದಕ್ಕೂ ಬಾರದೆಂದು ನಾವು ಶಪಿಸುವ ನಮ್ಮ ಸೀಮೆಯ ಹವೆಗೆ ಒಬ್ಬರಾದರೂ ಬೆಲೆ ಕೊಟ್ಟರಲ್ಲ ಎಂದು ನನಗೆ ಹೆಮ್ಮೆಯಾಯಿತು. ಅಷ್ಟು ಸಣ್ಣ ಲಾಟನ್ನು ಬೇರೆಯಾಗಿ ಹುರಿದುಕೊಡಲು ಯಾರೂ ಒಪ್ಪಿರಲಿಲ್ಲ. ಶೇಖರಪ್ಪನವರು ಒಪ್ಪಿದರು. ಹೊಸದೆಂದರೆ ಅವರಿಗೆ ಆಸೆ.

ಮೊದಲ ಸಲ ತಂದ ಮೂಟೆ ಬಿಚ್ಚಿದಾಗ ನಾನು ಮೂಗು ಹಿಡಿದುಕೊಂಡೆ.

"ಹನುಮಕ್ಕಾ, ಇದನ್ನ ಆಸ್ಪತ್ರಿಯಾಗ ಇಟ್ಟಿದ್ಯೇನು ತಾಯಿ?"

"ಯಾಕಣ್ಣ? ನಮ್ಮಣ್ಣನ ಹುಳದ ಮನೇಲಿ ಇಟ್ಟಿದ್ದೆ. ಕ್ಲೀನಾಗೈತೆ ಕಣಣ್ಣ, ಒಂದು ಇರುವೆ ಬರಕಿಲ್ಲ."

ಇರುವೆ ಹೇಗೆ ಬಂದೀತು? ರೇಷ್ಮೆ ಹುಳು ಸಾಕುವ ಮನೆಗೆ ಬೆಳೆ ಬೆಳೆಗೂ ಬ್ಲೀಚಿಂಗ್ ಪುಡಿ ಎರಚಿ ತೊಳೆಯುತ್ತಾರೆ. ಕಾಫಿ ಬೀಜ ಪಕ್ಕದ ಮನೆಯ ಜಗಳವನ್ನೂ ಹೀರಿಕೊಳ್ಳುವಂಥ ಜಾತಿ; ಬ್ಲೀಚಿಂಗನ್ನು ಬಿಟ್ಟೀತೇ? ಆ ಮೂಟೆಯನ್ನು ಹುರಿದು ಕುಡಿದಾಗ ನಲ್ಲಿ ನೀರನ್ನು ಕಾಯಿಸಿ ಕುಡಿದಂತಾಯಿತು. ಹನುಮಕ್ಕ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯೊರೆಸಿಕೊಂಡು, "ಸರಿ ಬಿಡಣ್ಣ. ಮುಂದಿನ ಸಲ ತವರಿಗೆ ಬಂದಾಗ ನಾನು ಮಲಗೋ ಕ್ವಾಣೇಲೇ ಇಕ್ಕಂತೀನಿ. ನಮ್ಮನೆಯೋರು ಪಡಸಾಲೇಲಿ ಮಲಗ್ಲಿ" ಎಂದಳು. ಹಾಗೆಯೇ ಮಾಡಿದಳು. ಗಂಡ ಬೇಸಾಯದ ಏರಿಳಿತಗಳನ್ನು ಕಂಡವನು, ಚಾಪೆ ಸುತ್ತಿಕೊಂಡು ಪಡಸಾಲೆಗೆ ನಡೆದನಂತೆ.

ಮುಂದಿನ ಸುಗ್ಗಿಯ ಬೀಜ ಮಾತ್ರ ಬೇರೆಯೇ ಮಾತು. ಹುರಿಯುವಾಗ ಬೆಲ್ಲದ ಪಾಕದ ವಾಸನೆ, ಕುಡಿದರೆ ಹಿಂದುಗಡೆ ಕಿತ್ತಳೆ ಸಿಪ್ಪೆಯ ಹಾಗೊಂದು ಹುಳಿ. ಇಷ್ಟು ವರ್ಷ ನಾನು ಹುರಿದದ್ದು ಏನು ಎಂಬ ಅನುಮಾನ ಆ ದಿನ ನನಗೆ ಬಂತು. ಅದನ್ನು ಅಲ್ಲಿಗೇ ಅದುಮಿಟ್ಟೆ. ನಿವೃತ್ತಿಗೆ ಹತ್ತಿರವಾದವನು ಇಂಥ ಅನುಮಾನಗಳನ್ನು ಬೆಳೆಸಬಾರದು.

ಬೆಂಗಳೂರಿನ ಒಂದು ಕಂಪನಿಯವರು ಇಂಥ ಬೀಜವನ್ನು ತೋಟದ ಮನೆತನದ ಹೆಸರನ್ನೇ ಪ್ಯಾಕೆಟ್ಟಿನ ಮೇಲೆ ಹಾಕಿ ಮಾರುತ್ತಾರೆ. ಸಿಂಗಲ್ ಒರಿಜಿನ್ ಎನ್ನುತ್ತಾರೆ. ಒಂದೇ ಮೂಲ, ಬೇರೆ ಸಂಪರ್ಕವಿಲ್ಲ. ನಮ್ಮಲ್ಲಿ ಇಷ್ಟು ವಿಚಾರಣೆ ಹೆಣ್ಣು ನೋಡಲು ಹೋದಾಗ ಮಾತ್ರ. ಸ್ಯಾಂಪಲ್ ಹಿಡಿಸಿದರೆ ಬೆಳೆಯೆಲ್ಲ ತಮ್ಮದೇ ಎಂದರು. ನಾನು ಉರುಳೆಯನ್ನು ತಿಕ್ಕಿ, ಅವಳ ಹಸಿಬೀಜ ಅಳೆದಿಡಲೆಂದೇ ಬೇರೆ ಮಾಡಿದ್ದ ತಗಡಿನ ಡಬ್ಬವನ್ನು ಹಿಂದಿನ ಸಂಜೆಯೇ ತೊಳೆದು ಬೋರಲು ಹಾಕಿ, ಬೆಳಿಗ್ಗೆ ಹನುಮಕ್ಕನ ಬೀಜ ಸುರಿದು, ಹುರಿದು ಕಳಿಸಿದೆ.

ಕೆಲವು ದಿನಗಳ ಮೇಲೆ ಫೋನು ಬಂತು. ರುಚಿ ನೋಡುವ ಮೇಡಂ ಒಬ್ಬರು ಮಾತಾಡಿದರು. ಶೇಖರಪ್ಪನವರು ಸ್ಪೀಕರ್ ಹಾಕಿದರು.

"ಐದು ಕಪ್ ಹಾಕಿ ನೋಡಿದ್ವಿ ಸರ್. ಮೂರು ತುಂಬಾ ಚೆನ್ನಾಗಿವೆ. ಎರಡು ಬೇರೆ. ಇದರಲ್ಲಿ ಇನ್ನೊಂದು ಜಾತಿ ಬೀಜ ಸೇರಿದೆ. ತೋಟದವರು ಬೆರೆಸಿದ್ದಾರೆ ಅನಿಸುತ್ತೆ. ಹೀಗಾದ್ರೆ ನಾವು ಅವರ ಹೆಸರು ಹಾಕೋಕಾಗಲ್ಲ."

ನಾನು ನಕ್ಕೆ. ಒಂದೇ ಉರುಳೆಯಲ್ಲಿ ಹುರಿದ ಬೀಜ ಐದು ಕಪ್ಪಿನಲ್ಲಿ ಎರಡು ಮಾತು ಹೇಳುವುದುಂಟೆ? ಆ ನಾಲಿಗೆ ಹಿಂದಿನ ಜನ್ಮದಲ್ಲಿ ಪೊಲೀಸ್ ಇಲಾಖೆಯಲ್ಲಿದ್ದಿರಬೇಕು ಎಂದು ಸಾವ್ಕಾರರ ಕಿವಿಯಲ್ಲಿ ಉಸುರಿದೆ. ಶೇಖರಪ್ಪನವರು ನಗಲಿಲ್ಲ. ಇನ್ನೊಂದೇ ಸ್ಯಾಂಪಲ್‌ಗೆ ಅವಕಾಶ ಬೇಡಿಕೊಂಡು ಫೋನಿಟ್ಟರು. ಹನುಮಕ್ಕನಿಗೆ ತಿಳಿಸುವ ಗೌರವವನ್ನು ನನಗೆ ಬಿಟ್ಟರು.

ಅವಳಿಗೆ ಫೋನು ಮಾಡಿದೆ. ಎಲ್ಲ ಕೇಳಿ ಹೇಳಿದಳು: "ಬೆರಸಾಕೆ ನಾನೇನು ಹಾಲು ಮಾರ್ತೀನಾ ಅಣ್ಣ? ನಮ್ಮ ತೋಟದಾಗೆ ಬ್ಯಾರೆ ಜಾತಿ ಗಿಡ ಒಂದೂ ಇಲ್ಲ. ಪ್ಯಾಕೀಟಿನ ಮ್ಯಾಲೆ ಹೆಸ್ರು ಬರದೇ ಇದ್ರೆ ಹೋಗ್ಲಿ. ಬೆರಕೆ ಮಾಡೋಳು ಅಂತ ಹೆಸ್ರು ಬಂದ್ರೆ ಬೆಟ್ಟದಾಗೆ ನನ್ನ ಬೀಜ ಯಾವೋನೂ ಮೂಸಾಕಿಲ್ಲ. ನಾಕು ಜನ ಕೂಲಿ ಮಾಡಿ ಕಟ್ಟಿದ ತೋಟ ಅದು. ನೀನು ನೋಡಣ್ಣ. ಎಲ್ಲಿ ಬೆರೀತು ಅಂತ ನೀನೇ ನೋಡಿ ಹೇಳು. ನಾನು ಇಲ್ಲಿ ಒಂದೊಂದು ಗಿಡಾನೂ ನೋಡ್ತೀನಿ."

ಅಷ್ಟು ಹೇಳಿ ಇಟ್ಟುಬಿಟ್ಟಳು. ಅತ್ತಿದ್ದರೆ ನಾನು ಸಮಾಧಾನ ಹೇಳಿ ಮುಗಿಸಿಬಿಡುತ್ತಿದ್ದೆ. ಅಳಲಿಲ್ಲವಾದ್ದರಿಂದ ಕೆಲಸ ಮಾಡಬೇಕಾಯಿತು.

ಉಳಿದಿದ್ದ ಹುರಿದ ಬೀಜವನ್ನು ಮೊರಕ್ಕೆ ಸುರಿದುಕೊಂಡು ಅಂಗಡಿಯ ಹಿಂದಿನ ಬಿಸಿಲಲ್ಲಿ ಕುಳಿತೆ. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು: ಅರೇಬಿಕಾ ಬೀಜದ ಹೊಟ್ಟೆಯ ಗೀರು ಹಾವಿನಂತೆ ಬಾಗಿರುತ್ತದೆ, ರೋಬಸ್ಟಾದ ಗೀರು ಬೈತಲೆಯಂತೆ ನೆಟ್ಟಗಿರುತ್ತದೆ. ಹುರಿದ ಮೇಲೆ ಬಣ್ಣ ಒಂದೇ ಆದರೂ ಗೀರು ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಎಡಗೈಯಲ್ಲಿ ಬೈತಲೆ ತೆಗೆದ ಬೀಜಗಳು ಒಂದಿಷ್ಟು ಕೂಡಿದವು. ಮೇಡಂ ನಾಲಿಗೆಯ ಬಗ್ಗೆ ಆಡಿದ ಮಾತನ್ನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ. ಕೇಳಿಸಿಕೊಂಡಿದ್ದವರು ಶೇಖರಪ್ಪನವರು ಮಾತ್ರವಾದ್ದರಿಂದ ಬಹಿರಂಗ ಸಮಾರಂಭದ ಅಗತ್ಯ ಬೀಳಲಿಲ್ಲ.

ಇನ್ನು ಹನುಮಕ್ಕನ ಮೂಟೆ. ಅದನ್ನೂ ತಳದವರೆಗೆ ಸುರಿದು ನೋಡಿದೆ. ಒಂದೇ ಒಂದು ನೆಟ್ಟ ಗೀರು ಸಿಗಲಿಲ್ಲ. ಹಾಗಾದರೆ ಬೆರೆತದ್ದು ಮೂಟೆಗೂ ಉರುಳೆಗೂ ನಡುವೆ. ನಡುವೆ ಇದ್ದದ್ದು ತಗಡಿನ ಡಬ್ಬ ಒಂದೇ. ಅದನ್ನು ತೊಳೆದವನು ನಾನು, ಬೆಳಿಗ್ಗೆ ತಳ ನೋಡದೆ ಬೀಜ ಸುರಿದವನೂ ನಾನೇ.

ಎರಡನೆಯ ಸ್ಯಾಂಪಲ್ ಹುರಿಯುವ ಮುಂಚಿನ ಸಂಜೆ ಮತ್ತೆ ತೊಳೆದಿಟ್ಟೆ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಚಿಕೋರಿ ಚೀಲಗಳ ಹಿಂದೆ ಅಡಗಿ ಕುಳಿತೆ. ಪತ್ತೇದಾರರು ಹೀಗೆ ಕುಳಿತಾಗ ಅವರಿಗೆ ಸೊಂಟ ಹಿಡಿಯುವುದಿಲ್ಲವೆಂದು ತೋರುತ್ತದೆ.

ಒಳಗೆ ಬಂದವರು ದೊಡ್ಡವ್ವ. ಶೇಖರಪ್ಪನವರ ತಾಯಿ ಗೌರಮ್ಮ. ಅಂಗಡಿಯಲ್ಲಿ ಎಲ್ಲರಿಗೂ ದೊಡ್ಡವ್ವ. ಮನೆ ಮೇಲೆ, ಅಂಗಡಿ ಕೆಳಗೆ. ಅವರು ಪೂಜೆ ಮುಗಿಸಿ ಊದಿನಕಡ್ಡಿ ಹಿಡಿದು ಬಂದು ತಕ್ಕಡಿಗೆ ಬೆಳಗಿದರು, ಉರುಳೆಗೆ ಬೆಳಗಿದರು. ಬೋರಲು ಬಿದ್ದಿದ್ದ ಡಬ್ಬವನ್ನು ಕಂಡು "ಥೂ ಥೂ" ಎಂದು ನೆಟ್ಟಗೆ ನಿಲ್ಲಿಸಿದರು. ಪಕ್ಕದ ರೋಬಸ್ಟಾ ಚೀಲದಿಂದ ಒಂದು ಹಿಡಿ ಹಸಿಬೀಜ ತೆಗೆದು ಅದರ ತಳಕ್ಕೆ ಹಾಕಿ ಕೈಮುಗಿದರು. ತಿರುಗಿಯೂ ನೋಡದೆ ಕೇಳಿದರು:

"ಯಾಕಲೇ ಎರ್ರಿಸ್ವಾಮಿ, ಕಳ್ಳನಂಗ ಯಾಕ ಕುಂತಿ?"

ನಾನು ಎದ್ದು ನಿಂತೆ. "ದೊಡ್ಡವ್ವ, ಅದು ಬ್ಯಾರೆಯವರ ಡಬ್ಬ. ಅದ್ರಾಗ ನಮ್ಮ ಬೀಜ ಹಾಕಬಾರದ್ರಿ."

"ಬರಿ ಡಬ್ಬ ಇಡತಾರೇನಲೇ? ಈ ಅಂಗಡ್ಯಾಗ ನಾನು ಕಾಲಿಟ್ಟಾಗಿಂದ ಒಂದು ಡಬ್ಬ ಬರಿದು ನಿಂತಿಲ್ಲ. ನಿಮ್ಮನ್ಯಾಗ ಹಿಟ್ಟಿನ ಡಬ್ಬಿ ತಳ ಕೆರೀತಾಳೇನು ನಿನ್ನ ಹೆಂಡ್ತಿ?"

ಕೆರೆಯುವುದಿಲ್ಲ. ನಮ್ಮ ಸೀಮೆಯಲ್ಲಿ ಯಾರೂ ಕೆರೆಯುವುದಿಲ್ಲ. ಜೋಳವಾಗಲಿ, ರಾಗಿಯಾಗಲಿ, ತಳದಲ್ಲಿ ಒಂದು ಹಿಡಿ ಬಿಟ್ಟೇ ಮೇಲಿನಿಂದ ಹೊಸದು ಸುರಿಯುತ್ತಾರೆ. ಮುಗಿಯಿತು ಎನ್ನದೆ ಹೆಚ್ಚಿತು ಎನ್ನುತ್ತಾರೆ; ತಳದ ಆ ಹಿಡಿಯೇ ಮನೆಯ ಲಕ್ಷ್ಮಿ. ಚಿಕೋರಿ ಬೆರೆಸುವ ಅಂಗಡಿಯಲ್ಲಿ ಆ ಹಿಡಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ. ಈಗ ಆ ಲಕ್ಷ್ಮಿಯೇ ಹನುಮಕ್ಕನ ತೋಟದ ಹೆಸರಿನ ಮೇಲೆ ಕುಳಿತಿದ್ದಳು.

ಸಾವ್ಕಾರರ ಬಳಿಗೆ ಓಡಿದೆ. ಎಲ್ಲ ಕೇಳಿ ಅವರು ಮೇಲಿನ ಮಹಡಿಯತ್ತ ನೋಡಿ ದನಿ ತಗ್ಗಿಸಿದರು. "ಅವ್ವಗ ಯಾರು ಹೇಳಬೇಕು? ನೀನ ಹೇಳು."

"ನಿಮ್ಮವ್ವ ಅಲ್ಲೇನ್ರಿ ಸಾವ್ಕಾರ್ರ?"

"ಅದಕ್ಕ ಹೇಳಿದ್ದು, ನೀನ ಹೇಳು ಅಂತ."

ಹೇಳಿದೆ. ಹಿಡಿ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಡಬ್ಬದಲ್ಲಿ ಇಡೋಣ, ಬೇಕಾದಾಗ ಎತ್ತಿಕೊಳ್ಳೋಣ ಎಂದು ಉಪಾಯವನ್ನೂ ಸೂಚಿಸಿದೆ. "ಗಂಟು ಕಟ್ಟಿ ಇಡೋದು ಹೊಲಕ್ಕ ಬುತ್ತಿ. ಲಕ್ಷ್ಮಿ ಏನು ಕಳೆ ಕೀಳಾಕ ಹೊಂಟಾಳೇನು?" ಎಂದರು ದೊಡ್ಡವ್ವ. ಆಕೆಗೆ ಕಾಣದಂತೆ ಹಿಡಿ ತೆಗೆದುಬಿಡುವುದು ಸುಲಭವಿತ್ತು. ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಶೇಖರಪ್ಪನವರಿಗೆ ಮನಸ್ಸಿತ್ತು, ಧೈರ್ಯವಿರಲಿಲ್ಲ. ಹುರಿಯುವುದನ್ನು ನಿಲ್ಲಿಸಿ ಹನುಮಕ್ಕನಿಗೆ ಫೋನು ಮಾಡಿದೆ. "ಬರ್ತೀನಿ" ಎಂದಳು.

ಬೆಟ್ಟದಿಂದ ತವರಿಗೆ ಇಳಿದು, ಮಡಕಶಿರಾದಿಂದ ಹೊರಟು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಅವಳು ಬಂದಳು. ಕಾಲು ತೊಳೆದು ನೇರವಾಗಿ ಮಹಡಿ ಹತ್ತಿದಳು. ಮಹಾಯುದ್ಧ ನೋಡಲು ನಾನೂ ಸಾವ್ಕಾರರೂ ಮೆಟ್ಟಿಲ ಮೇಲೆ ಸೂಕ್ತ ಅಂತರದಲ್ಲಿ ನಿಂತೆವು.

"ಅವ್ವಾ, ನೀವು ಮಾಡಿದ್ದು ಸರಿಯಾಗೇ ಐತೆ" ಎಂದು ಆರಂಭಿಸಿದಳು ಹನುಮಕ್ಕ. ಸಾವ್ಕಾರರು ನನ್ನ ಮುಖ ನೋಡಿದರು. "ನಮ್ಮನೇಲೂ ಡಬ್ಬ ಬರಿದು ಮಾಡಾಕಿಲ್ಲ. ಆದ್ರೆ ನನ್ನ ಡಬ್ಬಕ್ಕೆ ನಿಮ್ಮನೆ ಲಕ್ಷ್ಮಿ ಯಾಕವ್ವ? ನಮ್ಮನೇಲಿ ಇಲ್ವಾ?"

ದೊಡ್ಡವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಲ್ಲಿಸಿದರು.

"ನಿಮ್ಮ ಹಿಡಿ ಕಾಳಿನಿಂದ ನನ್ನ ಬೆರಕೆಯೋಳು ಅಂದವ್ರೆ. ನಿಮ್ಮ ಶಾಸ್ತ್ರ ಬಿಡಿ ಅಂತ ನಾನು ಹೇಳಾಕೆ ಬಂದಿಲ್ಲ. ನನ್ನ ಮರ್ಯಾದೆನೂ ಬಿಟ್ಟು ಹೋಗಾಕಿಲ್ಲ. ಬಗೆಹರಿಯಗಂಟ ಇಲ್ಲೇ ಕುಂತಿರ್ತೀನಿ." ಎಂದವಳೇ ಕಂಬಕ್ಕೆ ಒರಗಿ ಕುಳಿತುಬಿಟ್ಟಳು.

ದೊಡ್ಡವ್ವ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಆಮೇಲೆ ಕೂಗಿದರು: "ಶೇಖರಾ, ಅಲ್ಲೇ ನಿಂತು ಕೇಳಾಕ ಹತ್ತೀಯಲ್ಲ, ಒಂದು ಕೊಬ್ಬರಿ ಬಟ್ಟಲ ತಾ. ಹೆಣ್ಮಗಳು ಮನಿಗೆ ಬಂದಾಳ, ಉಡಿ ತುಂಬಬೇಕು."

ಉಡಿ ತುಂಬಿದರು. ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಬಟ್ಟೆ. ಉಡಿ ತುಂಬಿಸಿಕೊಂಡವಳು ಕೊಟ್ಟವರ ಮನೆ ಬರಿದಾಗಬಾರದೆಂದು ನಾಲ್ಕು ಕಾಳನ್ನು ಅಲ್ಲೇ ಬಿಟ್ಟು ಏಳುವುದು ಪದ್ಧತಿ. ಹನುಮಕ್ಕ ಅಕ್ಕಿ ಬಿಟ್ಟಳು. ಬಿಟ್ಟು, ಕೈ ಹಾಗೆಯೇ ಹಿಡಿದುಕೊಂಡು ದೊಡ್ಡವ್ವನ ಮುಖ ನೋಡಿದಳು. ಇಬ್ಬರಿಗೂ ಒಮ್ಮೆಗೇ ಹೊಳೆದಿರಬೇಕು.

"ಬಾ ಕೆಳಗ" ಎಂದರು ದೊಡ್ಡವ್ವ.

ಡಬ್ಬವನ್ನು ನಾನು ಮತ್ತೆ ತೊಳೆದೆ. ಅದು ಒಣಗುವವರೆಗೆ ಇಬ್ಬರೂ ಅದನ್ನು ಕಾಯುತ್ತ ಕುಳಿತರು. ಹನುಮಕ್ಕ ತನ್ನ ಮೂಟೆಯಿಂದ ತನ್ನ ಕೈಯಾರೆ ಒಂದು ಹಿಡಿ ಬೀಜ ತೆಗೆದು ತಳಕ್ಕೆ ಹಾಕಿದಳು. ದೊಡ್ಡವ್ವ ಕುಂಕುಮವನ್ನು ಡಬ್ಬದ ಹೊರಗೆ ಮಾತ್ರ ಹಚ್ಚಿದರು. ಒಳಗೆ ಹಚ್ಚಲು ಹೋದ ಕೈಯನ್ನು ನಾನು ತಡೆದೆ. ನನ್ನ ಇಡೀ ಸೇವಾವಧಿಯ ಅತ್ಯಂತ ಸಾಹಸದ ಕೃತ್ಯ ಅದೇ. "ಇದು ಈಕಿ ಡಬ್ಬ. ಇದರ ತಳದಾಗ ಈಕಿದೇ ಹಿಡಿ ಇರಬೇಕು. ಇನ್ನೊಬ್ಬರ ಕಾಳು ಬಿದ್ದೀತು, ಜ್ವಾಕಿ" ಎಂದು ನನಗೇ ಎಚ್ಚರಿಕೆ ಕೊಟ್ಟರು, ಇಷ್ಟು ದಿನ ಹಾಕಿದವನು ನಾನೇ ಎಂಬಂತೆ.

ಅಷ್ಟಕ್ಕೆ ಮುಗಿಯಲಿಲ್ಲ. ಬೆರೆಸಿದವಳು ಹನುಮಕ್ಕ ಎಂದು ಬೆಂಗಳೂರಿನವರು ತಿಳಿದಿದ್ದರಲ್ಲ, ಅದನ್ನು ಅಳಿಸಬೇಕಿತ್ತು. ಶೇಖರಪ್ಪನವರು ಅಂಗಡಿಯ ಹೆಸರಿಗೆ ಹೆದರಿ "ಏನೋ ಕೈತಪ್ಪು ಅಂತ ಹೇಳೋಣು" ಎಂದು ಗೊಣಗುತ್ತ ಫೋನು ಹಚ್ಚಿದರು. "ಏನೋ ಅಂದ್ರೆ ಏನಣ್ಣ? ಯಾರ ಕೈ ಅಂತ ಹೇಳ್ಬೇಕು" ಎಂದಳು ಹನುಮಕ್ಕ. ದೊಡ್ಡವ್ವ ಮಗನ ಕೈಯಿಂದ ಫೋನು ಕಿತ್ತುಕೊಂಡರು.

"ಮಗಳ, ನಾನು ಗೌರಮ್ಮ, ಅಂಗಡಿಯಾಕಿ. ಅದ್ರಾಗ ನಮ್ಮ ಬೀಜ ಹಾಕಿದಾಕಿ ನಾನು. ತೋಟದಾಕಿದು ಏನೂ ತಪ್ಪಿಲ್ಲ. ಒಂದು ಹಿಡಿ ಹಾಕಿದ್ದೆ. ಅಷ್ಟ ಹಿಡಿ ನಿನಗ ಹೆಂಗ ಗೊತ್ತಾತು? ನಿನ್ನ ನಾಲಿಗಿ ಭಾಳ ಚಲೋ ಐತಿ, ಉಪ್ಪಿನಕಾಯಿ ಜಾಸ್ತಿ ತಿನಬ್ಯಾಡ."

ಸ್ಪೀಕರಿನಲ್ಲಿ ಆ ಕಡೆಯಿಂದ ನಗು ಕೇಳಿಸಿತು. ಆಮೇಲೆ "ಆಯ್ತು ಅಜ್ಜಿ. ತೋಟದವರ ಬಗ್ಗೆ ನಾನು ಹೇಳಿದ್ದು ವಾಪಸ್ ತಗೋತೀನಿ. ಇನ್ನೊಂದು ಸ್ಯಾಂಪಲ್ ಕಳಿಸಿ" ಎಂದರು ಮೇಡಂ. ಅವರು ದನಿಯೆತ್ತಿ ಹೇಳಿದ್ದರಿಂದ, ನಾನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡಿದ್ದು ಸ್ವಲ್ಪ ಸಣ್ಣದಾಗಿ ಕಂಡಿತು.

ಅಂದು ನಾನು ಕಿವಿಯನ್ನೂ ಮೀಟರನ್ನೂ ಎರಡನ್ನೂ ಕೇಳಿಕೊಂಡು ಹುರಿದೆ. ಹನುಮಕ್ಕ ಉರುಳೆಯ ಪಕ್ಕದಿಂದ ಕದಲಲಿಲ್ಲ. ಬೀಜ ಮೊದಲ ಸಲ ಚಟಪಟ ಎಂದಾಗ "ಏನಂತೈತಣ್ಣ?" ಎಂದು ಕೇಳಿದಳು. "ಊರಿಗೆ ಹೋಗು ಅಂತೈತಿ" ಎಂದೆ. "ಪಾಸಾಗ್ಲಿ, ಹೋಗ್ತೀನಿ" ಎಂದಳು. ಪಾರ್ಸಲ್ ಕಳಿಸಿ, ಉತ್ತರ ಬರುವವರೆಗೆ ದೊಡ್ಡವ್ವನ ಮನೆಯಲ್ಲೇ ಉಳಿದಳು. ಆ ದಿನಗಳಲ್ಲಿ ಸಾವ್ಕಾರರ ಮನೆಯಲ್ಲಿ ರಾಗಿ ಮುದ್ದೆಯಾಯಿತೆಂದೂ ಸಾವ್ಕಾರರು ಅದನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡರೆಂದೂ ಕೇಳಿದೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ಕಪ್ಪಿನಲ್ಲಿ ಬೇರೆ ರುಚಿ ಬಂದರೆ ತೋಟದವರನ್ನು ಬೈಯುವ ಮೊದಲು ನಿಮ್ಮ ಡಬ್ಬದ ತಳ ನೋಡಿಕೊಳ್ಳಿ. ಅಲ್ಲಿ ಯಾರದಾದರೂ ಭಕ್ತಿ ಬಿದ್ದಿರಬಹುದು. ಅದನ್ನು ಕದ್ದು ತೆಗೆಯಬೇಡಿ, ಕೇಳಿ ತೆಗೆಯಿರಿ. ಮರುದಿನ ಮತ್ತೆ ಬೀಳದಿರಲು ಬೇರೆ ದಾರಿಯಿಲ್ಲ.

ಎರಡನೆಯ ಸ್ಯಾಂಪಲ್‌ನ ಐದು ಕಪ್ಪೂ ಒಂದೇ ಆಗಿದ್ದವು. ಆ ಸುಗ್ಗಿಯ ಬೀಜವೆಲ್ಲ ಹನುಮಕ್ಕನ ಮನೆತನದ ಹೆಸರಿನಲ್ಲೇ ಮಾರಾಟವಾಯಿತು.